ಐಸ್‌ಕ್ರೀಂ ಕಡ್ಡಿಯ ಕೊಟ್ಟಿಗೆ ಕೆಟ್ಟರೆ: ಬಾಗಿದ ಗೋಡೆಯಿಂದ ಜಾರುವ ಮಾಡಿನವರೆಗೆ

ಐಸ್‌ಕ್ರೀಂ ಕಡ್ಡಿಯಲ್ಲಿ ದನದ ಕೊಟ್ಟಿಗೆ ಮಾಡೋದು ದೂರದಿಂದ ನೋಡಿದರೆ ಸುಲಭ. 60–70 ಕಡ್ಡಿ, ಒಂದು ಡಬ್ಬಿ ಫೆವಿಕಾಲ್, ಒಂದು ಭಾನುವಾರ. ಆದರೆ ಅದೇ ಭಾನುವಾರ ರಾತ್ರಿ ಒಂಬತ್ತಕ್ಕೆ ಗೋಡೆ ಬಾಗಿರುತ್ತದೆ, ಮಾಡು ಜಾರಿರುತ್ತದೆ, ಮಗು ಮುಖ ಸಣ್ಣ ಮಾಡಿಕೊಂಡು ಕೂತಿರುತ್ತದೆ. ಸ್ಕೂಲ್ ಪ್ರಾಜೆಕ್ಟಿಗೆ ಎರಡು, ದಸರಾ ಗೊಂಬೆ ಸಾಲಿಗೆ ಮೂರು ಕೊಟ್ಟಿಗೆ ಮಾಡಿದ್ದೇನೆ. ಐದರಲ್ಲಿ ಒಂದೂ ಸಲೀಸಾಗಿ ಮುಗಿದಿಲ್ಲ.

ಇಲ್ಲಿ ಹೇಳುವ ಅಳತೆ ನಾನು ಮಾಡುವ ಕೊಟ್ಟಿಗೆಯದು. ಅಂಗಡಿಯಲ್ಲಿ ಸಿಗುವ ಸಾದಾ ಕಡ್ಡಿ 11.4 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪ. ಉದ್ದದ ಗೋಡೆಗೆ ಕಡ್ಡಿಯನ್ನು ಕತ್ತರಿಸದೆ ಅಡ್ಡಡ್ಡ ಜೋಡಿಸುತ್ತೇನೆ. ತ್ರಿಕೋನದ ತಲೆ ಇರುವ ಪಕ್ಕದ ಗೋಡೆಗೆ ಹತ್ತು ಕಡ್ಡಿ ನಿಲ್ಲಿಸಿದರೆ 10 ಸೆಂ.ಮೀ. ಅಗಲ ಬರುತ್ತದೆ. ಮಾಡಿಗೆ 15 ಸೆಂ.ಮೀ. ಉದ್ದದ ಜಂಬೋ ಕಡ್ಡಿ.

ಏನೇ ಕೆಟ್ಟರೂ ಮೊದಲು ಕೀಳಬೇಡಿ. ಕಿತ್ತರೆ ಕಾರಣವೂ ಕಿತ್ತು ಹೋಗುತ್ತದೆ. ಒಂದು ರಾತ್ರಿ ಸುಮ್ನೆ ಬಿಟ್ಟು, ಬೆಳಗಿನ ಬೆಳಕಿನಲ್ಲಿ ನೋಡಿ. ತೊಂದರೆ ಕಾಣೋದು ಮಾಡಿನಲ್ಲಾದರೂ, ಅದು ಹುಟ್ಟಿರೋದು ಸಾಮಾನ್ಯವಾಗಿ ಎರಡು ಹೆಜ್ಜೆ ಹಿಂದೆ.

ಕಡ್ಡಿ ಪಟ್ ಅಂತ ಕಳಚಿ ಬರುತ್ತಿದೆ

ಫೆವಿಕಾಲ್ ಬೆಳ್ಳಗಿದೆಯೋ, ಗಾಜಿನ ಹಾಗೆ ತಿಳಿಯಾಗಿದೆಯೋ ನೋಡಿ. ಬೆಳ್ಳಗಿದ್ದರೆ ಒಳಗಿನ ನೀರು ಇನ್ನೂ ಆರಿಲ್ಲ ಅಂತ ಅರ್ಥ. ಇದು ತಪ್ಪಲ್ಲ, ಆತುರ ಅಷ್ಟೇ. ಬಿಳಿ ಅಂಟು ಅರ್ಧ ಗಂಟೆಯಲ್ಲಿ ಕಡ್ಡಿಯನ್ನು ಹಿಡಿದು ನಿಲ್ಲಿಸುತ್ತದೆ, ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಜುಲೈ ತಿಂಗಳಲ್ಲಿ ಆಗುಂಬೆಯಲ್ಲೋ ಮಡಿಕೇರಿಯಲ್ಲೋ ಇದ್ದರೆ ರಾತ್ರಿ ಹಚ್ಚಿದ್ದು ಬೆಳಿಗ್ಗೆಯೂ ಬೆಳ್ಳಗೇ ಇರಬಹುದು. ಫ್ಯಾನ್ ಕೆಳಗೆ ಇಡಿ. ಬಿಸಿಲಿಗೂ ಹೇರ್ ಡ್ರೈಯರಿಗೂ ಕೊಡಬೇಡಿ. ಯಾಕೆ ಅಂತ ಮುಂದಿನ ಭಾಗದಲ್ಲಿದೆ.

ಅಂಟು ಆರಿದ ಮೇಲೂ ಕಳಚಿದರೆ, ಕಳಚಿದ ಎರಡೂ ಮುಖಗಳನ್ನು ಬೆಳಕಿಗೆ ಹಿಡಿಯಿರಿ. ಒಂದರ ಮೇಲೆ ಅಂಟಿನ ಪೊರೆ ಹೊಳೆಯುತ್ತಿದ್ದು, ಇನ್ನೊಂದು ಬೋಳಾಗಿದೆಯಾ? ಹಾಗಿದ್ದರೆ ಬೋಳಾದ ಕಡ್ಡಿ ಅಂಟನ್ನು ಒಳಗೆ ಬಿಟ್ಟುಕೊಂಡಿಲ್ಲ. ತಿಂದು ಎಸೆದ ಕಡ್ಡಿಯಾದರೆ ಹಾಲಿನ ಜಿಡ್ಡು, ಸಕ್ಕರೆ ಅದರಲ್ಲಿ ಉಳಿದಿರುತ್ತದೆ. ಸೋಪು ಹಾಕಿದ ಬಿಸಿನೀರಿನಲ್ಲಿ ತೊಳೆದು ಎರಡು ದಿನ ಒಣಗಿಸಿ. ಹೊಸ ಕಡ್ಡಿಯಾದರೆ ಮೇಲ್ಮೈ ವಿಪರೀತ ನುಣುಪಾಗಿರುತ್ತದೆ, ಬಣ್ಣದ ಕಡ್ಡಿಯಲ್ಲಿ ಇದು ಇನ್ನೂ ಜಾಸ್ತಿ. 120 ನಂಬರಿನ ಉಪ್ಪುಕಾಗದದಲ್ಲಿ ಅಂಟು ಹಚ್ಚುವ ಜಾಗವನ್ನು ಮಾತ್ರ ನಾಲ್ಕು ಸಲ ಉಜ್ಜಿ, ಪುಡಿಯನ್ನು ಬಟ್ಟೆಯಿಂದ ಒರೆಸಿ. ಪುಡಿ ಬಿಟ್ಟರೆ ಅಂಟು ಪುಡಿಯನ್ನು ಹಿಡಿಯುತ್ತದೆ, ಕಡ್ಡಿಯನ್ನಲ್ಲ.

ಎರಡೂ ಮುಖದಲ್ಲಿ ಅಂಟು ಇದ್ದು ಮಧ್ಯೆ ಬೇರ್ಪಟ್ಟಿದ್ದರೆ ಒತ್ತಡ ಸಾಲದು. ಹಚ್ಚಿ, ಒಂದು ಸೆಕೆಂಡ್ ಬೆರಳಲ್ಲಿ ಒತ್ತಿ ಬಿಟ್ಟಿದ್ದೀರಿ. ಬಟ್ಟೆ ಒಣಹಾಕುವ ಕ್ಲಿಪ್ಪು ಇದಕ್ಕೆ ಸಾಕು, ಒಂದು ಜೋಡಣೆಗೆ ಒಂದು.

ಕಡ್ಡಿಯ ನಾರೇ ಕಿತ್ತು ಬಂದಿದ್ದರೆ ಅಂಟಿಗೆ ನೂರಕ್ಕೆ ನೂರು ಅಂಕ. ಅಲ್ಲಿ ಭಾರ ಜಾಸ್ತಿ ಬಿದ್ದಿದೆ, ಇನ್ನೊಂದು ಕಡ್ಡಿ ಆನಿಸಿ. ಇಂಥ ಕಡೆ ಮತ್ತೆ ಮತ್ತೆ ಅಂಟು ಸುರಿಯುವವರನ್ನು ನೋಡಿದ್ದೇನೆ. ಸುರಿದಷ್ಟೂ ನೀರು ಹೆಚ್ಚು, ನೀರು ಹೆಚ್ಚಿದಷ್ಟೂ ಗೋಡೆ ಬಾಗುತ್ತದೆ.

ಗ್ಲೂ ಗನ್ನಿನ ಅಂಟು ಉಂಡೆಯ ಹಾಗೆ ಸಿಪ್ಪೆ ಬಿಡುತ್ತಿದ್ದರೆ, ಕಡ್ಡಿ ಇಡುವ ಮೊದಲೇ ಅದು ಆರಿಹೋಗಿದೆ. ಉದ್ದಕ್ಕೂ ಎಳೆಯಬೇಡಿ. ಎರಡು ಚುಕ್ಕೆ ಇಟ್ಟು ತಕ್ಷಣ ಒತ್ತಿ.

ಗ್ಲೂ ಗನ್ ಬಗ್ಗೆ ಒಂದು ಸ್ವಂತ ಕಥೆ. ಒಂದು ಸಲ ಪ್ರಾಜೆಕ್ಟ್ ಒಪ್ಪಿಸುವ ದಿನ ಕೊಟ್ಟಿಗೆಯನ್ನು ಕಾರಿನ ಹಿಂದಿನ ಗಾಜಿನ ಕೆಳಗೆ ಇಟ್ಟೆ. ದಾರಿಯಲ್ಲಿ ಬಿಸಿಲಲ್ಲಿ ಕಾರು ನಿಲ್ಲಿಸಿ ಮುಕ್ಕಾಲು ಗಂಟೆ ಬೇರೆ ಕೆಲಸಕ್ಕೆ ಹೋದೆ. ವಾಪಸ್ ಬಂದಾಗ ಮಾಡಿನ ಎರಡು ಹಾಳೆಗಳೂ ಗೋಡೆಯ ಮೇಲಿಂದ ನಿಧಾನಕ್ಕೆ ಕೆಳಗಿಳಿದಿದ್ದವು. ಅಂಟು ಜೇನಿನ ಎಳೆಯ ಹಾಗೆ ನೂಲು ಬಿಟ್ಟಿತ್ತು. ಗಾಜು ಮುಚ್ಚಿದ ಕಾರಿನ ಶಾಖ ಆ ಅಂಟನ್ನು ಮೆತ್ತಗೆ ಮಾಡಲು ಸಾಕು. ಹಾಗಾಗಿ ಗನ್ನಿನ ಅಂಟನ್ನು ಈಗ ತಾತ್ಕಾಲಿಕವಾಗಿ ಹಿಡಿದು ನಿಲ್ಲಿಸಲು ಮಾತ್ರ ಬಳಸುತ್ತೇನೆ. ಭಾರ ಹೊರುವ ಜಾಗಕ್ಕೆಲ್ಲ ಬಿಳಿ ಅಂಟೇ.

ಎಚ್ಚರಿಕೆ: ಬಿಸಿ ಅಂಟು ಚರ್ಮಕ್ಕೆ ತಾಗಿದರೆ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ. ಅಂಟನ್ನು ಎಳೆದು ಕೀಳಬೇಡಿ, ಚರ್ಮವೂ ಜೊತೆಗೆ ಬರುತ್ತದೆ. ಬೊಬ್ಬೆ ಎದ್ದರೆ, ಅಂಟು ಬಿಡದೆ ಕೂತಿದ್ದರೆ ಅಥವಾ ಮುಖಕ್ಕೆ ತಾಗಿದ್ದರೆ ಡಾಕ್ಟರ ಹತ್ತಿರ ಹೋಗಿ. ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್ ಬಗೆಯ ಅಂಟಿಗೆ ಇನ್ನೊಂದು ಗುಣ ಇದೆ. ಅದು ಹತ್ತಿ ಬಟ್ಟೆಗೆ ಬಿದ್ದರೆ ಸುಡುವಷ್ಟು ಬಿಸಿಯಾಗಬಹುದು. ಚೆಲ್ಲಿದಾಗ ಹತ್ತಿಯಲ್ಲೋ ಹಳೇ ಬನಿಯನ್ನಿನಲ್ಲೋ ಒರೆಸಬೇಡಿ. ಬೆರಳು ಅಂಟಿಕೊಂಡರೆ ಬೆಚ್ಚಗಿನ ಸೋಪು ನೀರಿನಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸಿ. ಕಣ್ಣಿಗೆ ಹಾರಿದರೆ ರೆಪ್ಪೆ ಎಳೆಯದೆ ನೀರಿನಲ್ಲಿ ತೊಳೆದು ಸೀದಾ ಕಣ್ಣಿನ ಡಾಕ್ಟರ ಬಳಿ ಹೋಗಿ.

ಗೋಡೆ ಹಪ್ಪಳದ ಹಾಗೆ ಬಾಗಿದೆ

ಅತಿ ಹೆಚ್ಚು ಜನ ಒದ್ದಾಡೋದು ಇದರ ಜೊತೆ. ರಾತ್ರಿ ಚಪ್ಪಟೆಯಾಗಿದ್ದ ಗೋಡೆ ಬೆಳಿಗ್ಗೆ ತೊಟ್ಟಿಲಿನ ಹಾಗಾಗಿರುತ್ತದೆ.

ಮಹಡಿ ಮೇಲೆ ಹಪ್ಪಳ ಒಣಹಾಕಿದ್ದು ನೆನಪಿದೆಯಾ? ಬಿಸಿಲು ಬಿದ್ದ ಮೇಲ್ಭಾಗ ಮೊದಲು ಒಣಗಿ ಕುಗ್ಗುತ್ತದೆ, ಅಂಚು ಮೇಲೇಳುತ್ತದೆ. ಅದಕ್ಕೇ ಅಜ್ಜಿ ಮಧ್ಯಾಹ್ನ ಹೋಗಿ ಎಲ್ಲವನ್ನೂ ಮಗುಚಿ ಬರುತ್ತಿದ್ದದ್ದು. ಕಡ್ಡಿಯದೂ ಅದೇ ಬುದ್ಧಿ. ಮರ ನೀರು ಕುಡಿದರೆ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚೂಕಡಿಮೆ ಇದ್ದ ಹಾಗೇ ಇರುತ್ತದೆ. ಗೋಡೆಯ ಒಂದೇ ಮುಖಕ್ಕೆ ನೀರು ಸಿಕ್ಕಿದರೆ ಆ ಮುಖ ಉಬ್ಬುತ್ತದೆ, ಒಣ ಮುಖ ತಗ್ಗಾಗುತ್ತದೆ. ಅಂಟಿನ ನೀರು, ಬಣ್ಣದ ನೀರು, ಮಳೆಗಾಲದ ಗಾಳಿಯ ತೇವ, ಯಾವುದಾದರೂ ಆಗಬಹುದು.

ಹಾಗಾದರೆ ಪತ್ತೆ ಸುಲಭ. ತಗ್ಗಾಗಿರುವ ಮುಖ ಒಣಗಿದ್ದು, ಉಬ್ಬಿರುವ ಮುಖ ತೇವದ್ದು. ಉಬ್ಬಿದ ಮುಖದಲ್ಲಿ ಅಂಟು ಇನ್ನೂ ಬೆಳ್ಳಗಿದ್ದರೆ ಏನೂ ಮಾಡಬೇಡಿ. ಗೋಡೆಯ ಎರಡೂ ಕಡೆ ಹಾಲಿನ ಪ್ಯಾಕೆಟ್ಟಿನ ಕವರ್ ಇಟ್ಟು, ಮೇಲೆ ಐದು ಕೆ.ಜಿ. ಅಕ್ಕಿ ಚೀಲ ಇಟ್ಟು ಮಲಗಿ. ನ್ಯೂಸ್‌ಪೇಪರ್ ಇಡಬೇಡಿ. ನನ್ನ ಮೊದಲ ಕೊಟ್ಟಿಗೆಯ ಗೋಡೆಯಲ್ಲಿ ಕ್ರಿಕೆಟ್ ಸ್ಕೋರು ಇವತ್ತಿಗೂ ಓದಲು ಬರುತ್ತದೆ.

ಪೂರ್ತಿ ಒಣಗಿಯೂ ಬಾಗಿದ್ದರೆ, ತಗ್ಗಾದ ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸಿ. ನೀರು ಹರಿಯಬಾರದು, ಕಡ್ಡಿಯ ಬಣ್ಣ ಸ್ವಲ್ಪ ಗಾಢವಾದರೆ ಸಾಕು. ಹತ್ತು ನಿಮಿಷದಲ್ಲಿ ಅದೇ ನೆಟ್ಟಗಾಗಲು ಶುರುವಾಗುತ್ತದೆ. ಆಗ ಅಕ್ಕಿ ಚೀಲದ ಕೆಳಗೆ ಇಡೀ ರಾತ್ರಿ ಇಡಿ. ಮೊದಲ ಸಲ ನೋಡುವವರಿಗೆ ಇದು ಮ್ಯಾಜಿಕ್. ಬಾಗಿದ್ದನ್ನು ಸರಿಮಾಡಲು ಮತ್ತೆ ನೀರು ಹಾಕೋದಾ ಅಂತ ಮನೆಯವರು ಬೈದಾರು, ಬೈಯಲಿ.

ಎರಡು ಸಲ ಮಾಡಿದರೂ ಬಾಗಿದರೆ ಪಟ್ಟಿ ನೋಡಿ. ಕಡ್ಡಿಗಳನ್ನು ಪಕ್ಕಪಕ್ಕ ಇಟ್ಟು ಹಿಂದಿನಿಂದ ಅಡ್ಡ ಪಟ್ಟಿ ಅಂಟಿಸುತ್ತೇವಲ್ಲ, ಅದು ಒಂದೇ ಇದ್ದರೆ ಗೋಡೆ ಅದರ ಸುತ್ತ ತಿರುಚಿಕೊಳ್ಳುತ್ತದೆ. ಎರಡು ಪಟ್ಟಿ ಬೇಕು, ಎರಡೂ ತುದಿಯಿಂದ ಬೆರಳಗಲ ಒಳಗೆ. ಪಟ್ಟಿಗಳಿದ್ದೂ ಸೊಟ್ಟಗಿದ್ದರೆ ಕಡ್ಡಿಯೇ ಸೊಟ್ಟ. ಉಳಿದ ಕಡ್ಡಿಗಳನ್ನು ಕಿಟಕಿಯ ಗಾಜಿನ ಮೇಲೋ ಗ್ರಾನೈಟ್ ಕಟ್ಟೆಯ ಮೇಲೋ ಇಟ್ಟು ಒಂದು ತುದಿ ಒತ್ತಿ. ಇನ್ನೊಂದು ತುದಿ ಎದ್ದರೆ ಅದನ್ನು ಬೇಲಿಗೋ ಗೋದಲೆಗೋ ಎತ್ತಿಡಿ. ಒಂದು ಕಟ್ಟಿನಲ್ಲಿ ಇಂಥವು ಬೇಕಾದಷ್ಟು ಇರುತ್ತವೆ.

ಬಣ್ಣ ಹೊಡೆದ ಮೇಲೆ ಬಾಗಿದ್ದರೆ ಒಳಮುಖಕ್ಕೂ ಒಂದು ಕೈ ಹೊಡೆಯಿರಿ. ಕಾಣದ ಕಡೆ ಯಾಕೆ ಅನ್ನಬೇಡಿ, ಸಮ ಮಾಡಲು.

ಕೊಟ್ಟಿಗೆ ಅಲ್ಲಾಡುತ್ತದೆ, ಒಂದು ಕಡೆ ವಾಲಿದೆ

ಮೊದಲು ಟೇಬಲ್ಲನ್ನು ಅನುಮಾನಿಸಿ. ಕೊಟ್ಟಿಗೆಯನ್ನು ಅದೇ ಜಾಗದಲ್ಲಿ ಅರ್ಧ ಸುತ್ತು ತಿರುಗಿಸಿ. ಈಗಲೂ ಕೊಟ್ಟಿಗೆಯ ಅದೇ ಮೂಲೆ ಎದ್ದರೆ ತಪ್ಪು ಕೊಟ್ಟಿಗೆಯದು. ಬೇರೆ ಮೂಲೆ ಎದ್ದರೆ ಟೇಬಲ್ಲಿನದು. ಇದನ್ನು ನೋಡದೆ ಕೊಟ್ಟಿಗೆಯ ಕಾಲು ಉಜ್ಜಿ ಉಜ್ಜಿ ಗಿಡ್ಡ ಮಾಡಿಕೊಂಡವರಲ್ಲಿ ನಾನೂ ಒಬ್ಬ.

ಕೊಟ್ಟಿಗೆಯದೇ ಆದರೆ ಒಂದು ದಾರ ತನ್ನಿ. ಮೇಲಿನಿಂದ ನೋಡುತ್ತಾ ಒಂದು ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಗುರುತು ಮಾಡಿ. ಇನ್ನೆರಡು ಮೂಲೆಗೂ ಹಾಗೇ ಮಾಡಿ. ಎರಡೂ ಅಳತೆ ಒಂದೇ ಇರಬೇಕು. 11.4 ಮತ್ತು 10 ಸೆಂ.ಮೀ. ಕೊಟ್ಟಿಗೆಗೆ ಅದು ಸುಮಾರು 15.2 ಸೆಂ.ಮೀ. ಒಂದು ಹೆಚ್ಚು, ಒಂದು ಕಡಿಮೆ ಬಂದರೆ ನೀವು ಕಟ್ಟಿರೋದು ಆಯತ ಅಲ್ಲ, ಒತ್ತಿದ ಬೆಂಕಿಪೊಟ್ಟಣ. ಅಂಟು ಹಸಿ ಇದ್ದರೆ ಉದ್ದದ ಮೂಲೆಗಳನ್ನು ಎರಡು ಕೈಯಲ್ಲಿ ಒಳಕ್ಕೆ ಅದುಮಿ, ದಾರ ಸಮ ಬಂದಾಗ ಸುತ್ತ ರಬ್ಬರ್ ಬ್ಯಾಂಡ್ ಹಾಕಿ.

ಅಂಟು ಒಣಗಿ ಹೋಗಿದ್ದರೆ? 2 ಮಿ.ಮೀ. ಒಳಗಿನ ವ್ಯತ್ಯಾಸವಾದರೆ ಬಿಟ್ಟುಬಿಡಿ. ನಿಜವಾದ ಕೊಟ್ಟಿಗೆಗಳೂ ಅಷ್ಟು ನೆಟ್ಟಗೆ ಇರೋದಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಮಾಡು ಕೂರುವುದಿಲ್ಲ, ಈಗಲೇ ಸರಿಮಾಡಬೇಕು. ಮೂಲೆಯ ಅಂಟಿನ ಮೇಲೆ ಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು 20–30 ನಿಮಿಷ ಸುತ್ತಿಡಿ. ಬಿಳಿ ಅಂಟು ಮತ್ತೆ ಬೆಳ್ಳಗಾಗಿ ಮೆತ್ತಗಾಗುತ್ತದೆ. ನೀರಿಗೆ ಜಗ್ಗದ ಬಗೆಯ ಅಂಟಾಗಿದ್ದರೆ ಈ ಉಪಾಯ ನಡೆಯದು.

ಅಳತೆ ಸರಿ ಇದ್ದೂ ಕೈ ತಾಗಿದರೆ ಓಲಾಡುತ್ತಿದ್ದರೆ ಅಡ್ಡಗೋಲು ಇಲ್ಲ ಅಂತ ಅರ್ಥ. ನಾಲ್ಕು ಕೋಲಿನ ಚೌಕಟ್ಟು ಒತ್ತಿದರೆ ಮಗುಚುತ್ತದೆ, ಮೂರು ಕೋಲಿನದು ಮಗುಚುವುದಿಲ್ಲ. ಅರ್ಧ ಕಡ್ಡಿಯನ್ನು ಪ್ರತಿ ಮೂಲೆಯ ಒಳಗೆ ಓರೆಯಾಗಿ ಅಂಟಿಸಿ. ಹೊರಗಿನಿಂದ ಕಾಣುವುದೂ ಇಲ್ಲ.

ಮಾಡು ಕೂರುತ್ತಿಲ್ಲ

ಹಿಂದಿನ ಭಾಗ ಹಾರಿಸಿ ನೇರ ಇಲ್ಲಿಗೆ ಬಂದಿದ್ದರೆ, ವಾಪಸ್ ಹೋಗಿ ದಾರ ಹಿಡಿದು ಬನ್ನಿ. ಮಾಡಿನ ತಕರಾರಿನಲ್ಲಿ ಅರ್ಧ ಅಲ್ಲಿಯದೇ.

ನೆತ್ತಿಯಲ್ಲಿ ಒಂದು ತುದಿ ಕೂಡಿ, ಇನ್ನೊಂದು ತುದಿ ಬಾಯಿ ಬಿಟ್ಟಿದ್ದರೆ ಎರಡು ತ್ರಿಕೋನಗಳು ಬೇರೆ ಬೇರೆ ಎತ್ತರದವು. ಒಂದನ್ನು ಕಾಗದದ ಮೇಲೆ ಇಟ್ಟು ಗೆರೆ ಎಳೆದು, ಇನ್ನೊಂದನ್ನು ಅದರ ಮೇಲೆ ಇಟ್ಟು ನೋಡಿ. ದೊಡ್ಡದನ್ನು ಉಜ್ಜಿ ಸಣ್ಣದರ ಸಮಕ್ಕೆ ತನ್ನಿ. ಸಣ್ಣದಕ್ಕೆ ಚೂರು ಸೇರಿಸಿ ದೊಡ್ಡದು ಮಾಡಲು ಹೋದರೆ ರಾತ್ರಿ ಕಳೆಯುತ್ತದೆ. ಇನ್ನೊಂದು ಮೋಸ ಕಡ್ಡಿಯ ಅಗಲದ್ದು. 10 ಮಿ.ಮೀ. ಅಂತ ಕೊಂಡ ಕಡ್ಡಿ 9.5 ಇದ್ದರೆ ಹತ್ತು ಕಡ್ಡಿಗೆ ಅರ್ಧ ಸೆಂ.ಮೀ. ಕಡಿಮೆ. ಎರಡು ಪಕ್ಕದ ಗೋಡೆಗೆ ಎರಡು ಬೇರೆ ಕಟ್ಟಿನ ಕಡ್ಡಿ ಬಳಸಬೇಡಿ.

ನೆತ್ತಿ ಉದ್ದಕ್ಕೂ ಬಾಯಿ ಬಿಟ್ಟಿದ್ದರೆ ಹಾಳೆಯ ಅಗಲ ಸಾಲದು. ಲೆಕ್ಕ ಹೀಗೆ: 10 ಸೆಂ.ಮೀ. ಅಗಲದ ಅರ್ಧ 5, ತ್ರಿಕೋನದ ಎತ್ತರ 4 ಇಟ್ಟರೆ ಇಳಿಜಾರು 6.4 ಸೆಂ.ಮೀ. ಸೂರು ಹೊರಗೆ ಚಾಚಲು 1.6 ಸೇರಿಸಿ, ಒಟ್ಟು 8. ಜಂಬೋ ಕಡ್ಡಿ 1.8 ಸೆಂ.ಮೀ. ಅಗಲ. ಐದು ಕಡ್ಡಿಯನ್ನು ಒಂದರ ಮೇಲೊಂದು 2–3 ಮಿ.ಮೀ. ಹತ್ತಿಸಿದರೆ ಸರಿಯಾಗಿ 8 ಬರುತ್ತದೆ. ಕೆಳಗಿನಿಂದ ಮೇಲಕ್ಕೆ ಹೊದಿಸಿ, ಮಂಗಳೂರು ಹೆಂಚು ಹೊದಿಸುವ ಹಾಗೆ. ಮೇಲಿನಿಂದ ಶುರುಮಾಡಿದರೆ ಮಳೆ ನೀರು ಒಳಗೇ ಹೋಗುವ ಮಾಡಾಗುತ್ತದೆ. ಆಟದ ಕೊಟ್ಟಿಗೆಗೆ ಮಳೆ ಇಲ್ಲ ನಿಜ, ಆದರೆ ಊರಿನಿಂದ ಬಂದ ಅಜ್ಜ ಮೊದಲು ನೋಡೋದು ಅದನ್ನೇ.

ಮಾಡು ಜಾರುತ್ತಿದ್ದರೆ ಅಂಟು ಹೆಚ್ಚಿಸಬೇಡಿ. ಓರೆ ಮೇಲ್ಮೈಯಲ್ಲಿ ಹಸಿ ಅಂಟು ಎಣ್ಣೆ ಇದ್ದ ಹಾಗೆ. ಗೋಡೆಯ ಒಳಅಂಚು ತಾಗುವ ಕಡೆ ಹಾಳೆಯ ಒಳಮುಖಕ್ಕೆ ಒಂದು ರೀಪು ಮೊದಲೇ ಅಂಟಿಸಿ ಒಣಗಿಸಿ. ಹಾಳೆ ಜಾರಲು ಹೋದರೆ ಆ ರೀಪು ಗೋಡೆಗೆ ತಡೆದು ನಿಲ್ಲುತ್ತದೆ. ಕಡ್ಡಿಯ ಚೂರು ಸಾಕು.

ಕತ್ತರಿಸುವಾಗ ಕಡ್ಡಿ ಸೀಳುತ್ತದೆ

ನಾರು ಉದ್ದಕ್ಕೆ ಇದೆ, ನೀವು ಅಡ್ಡಕ್ಕೆ ಕತ್ತರಿಸುತ್ತಿದ್ದೀರಿ. ಸಾದಾ ಕತ್ತರಿ ಕಡ್ಡಿಯನ್ನು ಜಜ್ಜುತ್ತದೆ, ಅದಕ್ಕೇ ಸೀಳು. ದುಡ್ಡು ಖರ್ಚಿಲ್ಲದ ಉಪಾಯ ಕಡ್ಡಿಯನ್ನು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸೋದು. ಆಮೇಲೆ ಒಣಗಲು ಬಿಡಬೇಕು ಅನ್ನೋದೊಂದು ರಗಳೆ. ಕಟ್ಟರ್ ಇದ್ದರೆ ಸ್ಕೇಲ್ ಇಟ್ಟು ಎರಡೂ ಮುಖದಲ್ಲಿ ಮೂರು ನಾಲ್ಕು ಸಲ ಗೀರಿ, ಆಮೇಲೆ ಮುರಿಯಿರಿ. ಒಂದೇ ಏಟಿಗೆ ಕತ್ತರಿಸಲು ಒತ್ತಿದಾಗಲೇ ಬ್ಲೇಡು ಜಾರಿ ಬೆರಳಿಗೆ ಬರೋದು. ಮೊಂಡು ಬ್ಲೇಡು ಇನ್ನೂ ಅಪಾಯ, ಯಾಕೆಂದರೆ ಜಾಸ್ತಿ ಒತ್ತುತ್ತೇವೆ.

ನನಗೆ ಎಲ್ಲಕ್ಕಿಂತ ಚೆನ್ನಾಗಿ ಒದಗಿದ್ದು ಮನೆಯ ಹಳೇ ಅಡಕತ್ತರಿ. ಅಡಿಕೆ ಹೋಳು ಮಾಡಿದ ಹಾಗೆ ಕಡ್ಡಿಯೂ ನೇರ ತುಂಡಾಗುತ್ತದೆ. ಮಕ್ಕಳ ಕೈಗೆ ಕಟ್ಟರೂ ಬೇಡ, ಅಡಕತ್ತರಿಯೂ ಬೇಡ. ಅವರು ಗೆರೆ ಹಾಕಲಿ, ದೊಡ್ಡವರು ಕತ್ತರಿಸಲಿ. ಕೊಯ್ದುಕೊಂಡರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ, ಕೊಟ್ಟಿಗೆ ನಾಳೆ.

ಓರೆ ಕತ್ತರಿಸಬೇಕಾದ ಕಡ್ಡಿ ಇಪ್ಪತ್ತಕ್ಕಿಂತ ಹೆಚ್ಚಿದ್ದರೆ ಹತ್ತಿರದ ಬಡಗಿಯ ಅಂಗಡಿಗೆ ಹೋಗಿ. ಕಟ್ಟು ಕಟ್ಟಿ ಗೆರೆ ಹಾಕಿ ಕೊಟ್ಟರೆ ಗರಗಸದಲ್ಲಿ ಒಂದೇ ಸಲ ಹೊಡೆದು ಕೊಡುತ್ತಾರೆ.

ಬಣ್ಣ ಮಚ್ಚೆ ಮಚ್ಚೆಯಾಗಿದೆ

ಬಣ್ಣ ಹತ್ತದ ಜಾಗ ಬೆರಳಚ್ಚಿನ ಆಕಾರದಲ್ಲಿದ್ದರೆ ಅದು ನಿಮ್ಮ ಕೈಯ ಅಂಟು. ಒಣಗಿದ ಅಂಟಿನ ಪೊರೆಯೊಳಗೆ ನೀರಿನ ಬಣ್ಣ ಇಳಿಯುವುದಿಲ್ಲ. ಉಜ್ಜಿ ತೆಗೆದು ಮತ್ತೆ ಹೊಡೆಯಿರಿ. ಮುಂದಿನ ಸಲ ಹೊರಗೆ ಉಕ್ಕಿದ ಅಂಟನ್ನು ಹಸಿ ಇರುವಾಗಲೇ ಒರೆಸಿ. ಪೋಸ್ಟರ್ ಬಣ್ಣ ಕೈಗೆ ಹತ್ತುತ್ತಿದ್ದರೆ ಅದರ ಸ್ವಭಾವವೇ ಅಷ್ಟು, ಅಕ್ರಿಲಿಕ್ ತನ್ನಿ.

ಎತ್ತಿಟ್ಟ ಕೊಟ್ಟಿಗೆಯಲ್ಲಿ ಕಪ್ಪು ಚುಕ್ಕೆ, ಪುಡಿ, ಜಿರಳೆ

ಇದು ಗೊಂಬೆ ಪೆಟ್ಟಿಗೆಯಲ್ಲಿ ವರ್ಷವಿಡೀ ಮಲಗಿದ್ದ ಕೊಟ್ಟಿಗೆಯ ರೋಗ. ಚುಕ್ಕೆ ಬಟ್ಟೆಯಲ್ಲಿ ಒರೆಸಿದರೆ ಹರಡಿದರೆ ಬೂಷ್ಟು. ಮನೆಯ ಹೊರಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬ್ರಷ್ ಮಾಡಿ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಎಸೆದು ಹೊಸದು ಮಾಡೋದೇ ವಾಸಿ. ಅಂಚುಗಳನ್ನು ಯಾರೋ ಮೆದ್ದ ಹಾಗಿದ್ದರೆ ಮೈದಾ ಅಂಟು ಬಳಸಿದ್ದೀರಿ ಅಲ್ವಾ? ಅದು ಜಿರಳೆಗೂ ಬೆಳ್ಳಿಮೀನು ಹುಳಕ್ಕೂ ಊಟ.

ಸೂಜಿಮೊನೆಯಷ್ಟು ತೂತು, ಕೆಳಗೆ ರಾಗಿಹಿಟ್ಟಿಗಿಂತ ನುಣ್ಣನೆಯ ಮರದ ಪುಡಿ ಕಂಡರೆ ಮಾತ್ರ ತಡ ಮಾಡಬೇಡಿ. ಅದು ಮರ ಕೊರೆಯುವ ಹುಳ. ಪಕ್ಕದಲ್ಲೇ ಪಟ್ಟದ ಗೊಂಬೆಗಳಿರುತ್ತವೆ, ಅವೂ ಮರದವೇ. ಕೊಟ್ಟಿಗೆಯನ್ನು ಆ ಕ್ಷಣವೇ ಬೇರೆ ಮಾಡಿ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಆಚೆ ಹಾಕಿ. ಹಳೇ ಗೊಂಬೆಯಲ್ಲೂ ತೂತು ಕಂಡರೆ ಸ್ವಂತ ಔಷಧಿ ಬೇಡ, ಮರದ ಗೊಂಬೆ ದುರಸ್ತಿ ಬಲ್ಲವರಿಗೆ ತೋರಿಸಿ.

ಗೊಂಬೆ ಸಾಲಿನ ಮಾತು ಬಂದಾಗ ಇನ್ನೊಂದು. ಒಣ ಕಡ್ಡಿ, ಒಣ ಹುಲ್ಲು ಹೊದಿಸಿದ ಕೊಟ್ಟಿಗೆಯ ಮುಂದೆ ಎಣ್ಣೆ ದೀಪ ಇಡಬೇಡಿ. ಒಳಗೆ ಬೆಳಕು ಬೇಕಿದ್ದರೆ ಬ್ಯಾಟರಿಯ ಸಣ್ಣ ಎಲ್‌ಇಡಿ ಸಾಕು.

ಎಲ್ಲ ಸರಿ, ಹಸು ಒಳಗೆ ಹೋಗುತ್ತಿಲ್ಲ

ನಗಬೇಡಿ, ಐದರಲ್ಲಿ ಎರಡು ಸಲ ನನಗೆ ಇದೇ ಆಗಿದೆ. ಭುಜದವರೆಗೆ 5 ಸೆಂ.ಮೀ. ಇರುವ ಹಸುವಿಗೆ ಬಾಗಿಲು 5.5 ಇಟ್ಟೆ. ಕೊಂಬನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೊಂಬು ಸೇರಿಸಿ ಅಳೆದು, ಮೇಲೆ ಒಂದು ಸೆಂ.ಮೀ. ಬಿಡಿ. ಹಳ್ಳಿಕಾರ್ ಎತ್ತಿನ ಗೊಂಬೆಯಾದರೆ ಕೊಂಬು ಹಿಂದಕ್ಕೆ ಬಾಗಿ ಉದ್ದಕ್ಕೆ ಹೋಗುತ್ತದೆ, ಇನ್ನೂ ಜಾಗ ಬೇಕು. ಮಲೆನಾಡು ಗಿಡ್ಡ ತಳಿ ನಿಜ ಜೀವನದಲ್ಲೇ ಒಂದು ಮೀಟರಿಗಿಂತ ಗಿಡ್ಡ, ಅದರ ಗೊಂಬೆಗೆ ಇಷ್ಟು ರಾದ್ಧಾಂತ ಇಲ್ಲ.

ಕಟ್ಟಿ ಮುಗಿದ ಮೇಲೆ ಗೊತ್ತಾದರೆ ಬಾಗಿಲು ಕೊರೆಯಲು ಹೋಗಬೇಡಿ, ಮುಂದಿನ ಗೋಡೆ ಸೀಳುತ್ತದೆ. ಹಿಂದಿನ ಗೋಡೆಯ ಮೂಲೆಗಳಿಗೆ ಒದ್ದೆ ಬಟ್ಟೆ ಸುತ್ತಿ, ಗೋಡೆ ಬಿಡಿಸಿ, ಹಸುವನ್ನು ಅಲ್ಲಿಂದ ಕೂರಿಸಿ ಮತ್ತೆ ಅಂಟಿಸಿ. ನಾನು ಎರಡನೇ ಸಲ ಅಂಟಿಸಲೂ ಹೋಗಲಿಲ್ಲ. ಗೊಂಬೆ ಸಾಲಿನಲ್ಲಿ ಹಿಂಭಾಗ ಯಾರಿಗೂ ಕಾಣುವುದಿಲ್ಲ.